ಒಂದೇ ಏಟಿಗೆ

ಕಿರೀಟ ಕದಿಯಲು ಬಂದರು
ಕೋಟೆ ರಸ್ತೆಯ ನಮ್ಮ ಮ್ಯೂಸಿಯಂಗೆ,
ಇಲಾಖೆಯ ಅನುಮತಿ ಪತ್ರ ಸಮೇತ,
ಎರಡು ಲಾರಿ, ಒಂದು ಜನರೇಟರ್, ಇಡ್ಲಿಯ ಹಾಟ್‌ಬಾಕ್ಸು.
ತೊಂದರೆ ಏನೆಂದರೆ
ನಮ್ಮಲ್ಲಿ ಕಿರೀಟವೇ ಇರಲಿಲ್ಲ.

ಅದನ್ನೂ ಅವರೇ ತಂದಿದ್ದರು,
ಹತ್ತಿ ಸುತ್ತಿ, ಸೀರೆಯ ಡಬ್ಬದಲ್ಲಿ.
ಸೆಟ್ ಹಾಕುವ ಹುಡುಗಿ ಕೇಳಿದಳು:
"ಇಲ್ಲಿ ಸೆಕ್ಯೂರಿಟಿ ಏನೇನಿದೆ ಅಂಕಲ್?"
ತೋರಿಸಿದೆ.
ಮಳೆಗಾಲದಲ್ಲಿ ಕೊಬ್ಬರಿ ಎಣ್ಣೆ ಬೇಡುವ ಹಿತ್ತಾಳೆ ಬೀಗ,
ಒಳಗಿನ ಗುಂಡು ಕಳೆದುಕೊಂಡ ಸೀಟಿ,
ರಾತ್ರಿ ಅಟ್ಟದ ಮೇಲೆ ಗಸ್ತು ತಿರುಗುವ ಪುನುಗು ಬೆಕ್ಕು,
ಮತ್ತೆ ಶಿಕಾರಿಪುರ ಕಡೆಯ ಹುಚ್ಚರಾಯಪ್ಪನಾದ ನಾನು,
ಹತ್ತೊಂಬತ್ತು ವರ್ಷದಿಂದ ದಿನಗೂಲಿ.

ಅವಳು ನಗಲಿಲ್ಲ, ಬರೆದುಕೊಂಡಳು.
ಆಮೇಲೆ ಬೀಟೆ ಕಂಬದಿಂದ ಕಂಬಕ್ಕೆ
ಕೆಂಪು ದಾರ ಕಟ್ಟಿಸಿದಳು, ಅಡ್ಡಾದಿಡ್ಡಿ.
ಕಂಪ್ಯೂಟರಿಗೆ ಹೋದಮೇಲೆ ಅದು
ಮುಟ್ಟಿದರೆ ಕೂಗುವ ಬೆಳಕಾಗುತ್ತದಂತೆ.
ಹೀರೋ ಹಾವಿನ ಹಾಗೆ ನುಸುಳಿದ.
ಮೂರನೇ ಟೇಕಿನಲ್ಲಿ ಬೆಲ್ಟಿನ ಬಕಲಿಗೆ ಸಿಕ್ಕಿ
ಇಡೀ ಸೆಕ್ಯೂರಿಟಿ ಅವನ ಸೊಂಟದ ಹಿಂದೆ
ಬಾಲದಂತೆ ಹೊರಟಿತು.

ವಾಚ್‌ಮನ್ ಪಾತ್ರದವನು
ನಿದ್ದೆಗಣ್ಣಲ್ಲಿ ಭದ್ರಾವತಿಯಲ್ಲೇ ಬಸ್ಸು ಇಳಿದಿದ್ದ.
ನನ್ನನ್ನು ನಿಲ್ಲಿಸಿದರು.
ನನ್ನ ಯೂನಿಫಾರಂ ಮಾತ್ರ
ವಾಚ್‌ಮನ್ನಿನದರಂತೆ ಕಾಣುವುದಿಲ್ಲವೆಂದು
ಬೇರೆ ಕೊಟ್ಟರು, ಭುಜಕ್ಕೆ ನಕ್ಷತ್ರವಿದ್ದದ್ದು.
"ಆಕಳಿಸಿ, ತಿರುಗಿ, ಕುತ್ತಿಗೆಗೆ ಏಟು, ಬೀಳಿ."
"ಒಂದೇ ಏಟಿಗಾ ಸಾರ್?"
"ಒಂದೇ ಏಟಿಗೆ. ಹೊಡೆಯೋನು ಹೀರೋ ಅಲ್ವಾ."

ಬಿದ್ದೆ,
ಅಂಗಳದಲ್ಲಿ, ವೀರಗಲ್ಲಿನ ಬುಡಕ್ಕೆ.
ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುವ ಕಲ್ಲೇ ಅದು.
ಇಷ್ಟು ವರ್ಷ ನಿಂತು ಒರೆಸಿದ್ದೆ,
ನಿಂತವನ ಕಣ್ಣಿಗೆ ಸಿಗುವುದು ಮೇಲಿನ ಪಟ್ಟಿ:
ಲಿಂಗ, ನಂದಿ, ಕೈಮುಗಿದು ಕೂತವನು,
ಆಚೀಚೆ ಸೂರ್ಯ ಚಂದ್ರ.
ಕೆನ್ನೆ ನೆಲಕ್ಕಿಟ್ಟು ಅರೆಗಣ್ಣು ತೆರೆದಾಗ
ಎದುರಿಗೆ ಬಂತು ಕೆಳಗಿನ ಪಟ್ಟಿ.

ದನಗಳು. ಹೊಡೆದುಕೊಂಡು ಹೋಗುವ ಕಳ್ಳರು.
ಅಡ್ಡ ನಿಂತ ಒಬ್ಬ, ಮೊಣಕಾಲು ಕೂಡ ಬಗ್ಗಿಲ್ಲ.
ಮೈಗೆ ನೆಟ್ಟ ಬಾಣ ಎಣಿಸಿದೆ, ಏಳು.
ಮೂಲೆಯಲ್ಲೊಂದು ಕರು
ಕತ್ತು ತಿರುಗಿಸಿ ಅವನನ್ನೇ ನೋಡುತ್ತಿದೆ;
ಹತ್ತೊಂಬತ್ತು ವರ್ಷ ಆ ಕರು
ನನ್ನ ಬಟ್ಟೆಗೆ ತಾಗಿಯೂ ಸಿಕ್ಕಿರಲಿಲ್ಲ.

ಕಾಲೇಜಿನ ಮೇಷ್ಟ್ರೊಬ್ಬರು ಒಮ್ಮೆ
ಸೀಮೆಸುಣ್ಣ ತಿಕ್ಕಿ ಓದಿ ಹೇಳಿದ್ದರು:
ತುಱುವಂ ಮಗುೞ್ಚಿ ಸತ್ತ.
ದನ ತಿರುಗಿ ಬಂದವು, ಇವನು ಬರಲಿಲ್ಲ.
ಹೆಸರಿನ ಜಾಗದಲ್ಲಿ ಕಲ್ಲು ಚಕ್ಕೆ ಎದ್ದಿದೆ.
ಇರಲಿ. ಕದ್ದವರ ಹೆಸರನ್ನಂತೂ
ಯಾರೂ ಉಳಿ ಹಿಡಿದು ಕೆತ್ತಲಿಲ್ಲ.

"ಒನ್ ಮೋರ್" ಅಂದರು.
ಎರಡನೇ ಟೇಕಿನಲ್ಲಿ ನಾನು ಬೀಳಲಿಲ್ಲ.
ಹಟ ಅಲ್ಲ, ಯೋಚಿಸಿ ಮಾಡಿದ್ದೂ ಅಲ್ಲ.
ಕಾಲು ಬಗ್ಗಲಿಲ್ಲ, ಅಷ್ಟೇ.
ಹೀರೋ ಕೈ ಕೊಡವಿಕೊಂಡ,
ಲೈಟಿನ ಹುಡುಗರು ನಕ್ಕರು, ಮೈಕು ಬೈಯಿತು.
ಒಳ್ಳೆ ಹುಡುಗ ಅವನು, ಕಿವಿಯ ಹತ್ತಿರ ಬಂದು
"ಬೀಳಿ ಅಣ್ಣಾ, ಬಿಸಿಲು ಹೋಗ್ತಿದೆ" ಅಂದ.
ಬಿದ್ದೆ.
ಎಂಟುನೂರು ರೂಪಾಯಿ, ವೋಚರಿಗೆ ಸಹಿ.

ಕಿರೀಟ ಬಿಟ್ಟು ಹೋದರು, ಮರೆತೋ, ಭಾರವೆಂದೋ.
ಯಾರೂ ಕದಿಯದ ಕಿರೀಟವನ್ನು
ರಿಜಿಸ್ಟರಿಗೆ ಏರಿಸಿದೆ:
ಫೈಬರ್, ಒಂದು, ಕಾಲ ಹೋದ ಮಂಗಳವಾರ.
ಈಗ ಬರುವವರೆಲ್ಲ ಅದರ ಮುಂದೆಯೇ ಫೋಟೋಗೆ ನಿಲ್ಲುತ್ತಾರೆ.
ಹೀರೋ ಹಾರಿದ್ದು ಎಲ್ಲಿಂದ ಅನ್ನುತ್ತಾರೆ, ತೋರಿಸುತ್ತೇನೆ.
ಸಿನಿಮಾದಲ್ಲಿ ನಾನಿದ್ದೇನೆ,
ಮುಖ ಇಲ್ಲ, ಬೂಟು.

ಕಲ್ಲಿನ ಹತ್ತಿರ ಅಪರೂಪಕ್ಕೆ ಯಾರಾದರೂ ತಡೆದರೆ
ಕೂತು ನೋಡಿ ಅನ್ನುತ್ತೇನೆ, ಕೆಳಗಿನಿಂದ ಶುರು.
ಪ್ಯಾಂಟು ಕೊಳೆಯಾಗುತ್ತದೆಂದು ಹೋಗುವವರೇ ಹೆಚ್ಚು.

ಒಂದು ಕಂಬದಲ್ಲಿ ಕೆಂಪು ದಾರ ಉಳಿದಿದೆ.
ಬಿಚ್ಚಿಲ್ಲ.
ಮಧ್ಯರಾತ್ರಿ ಪುನುಗು ಬೆಕ್ಕು ಅಲ್ಲಿಗೆ ಬಂದು
ನಿಂತು, ಮೂಸಿ,
ಒಂದೊಂದೇ ಕಾಲೆತ್ತಿ
ತಾಗದ ಹಾಗೆ ದಾಟುತ್ತದೆ.