ಬಿಚ್ಚದ ಕೈ

ಬೂಡೊ ಆಸ್ಪತ್ರೆಯ ನೆಲಮಾಳಿಗೆ. ಹೊರಗೆ,
ಬೆಳಕು ಹನ್ನೊಂದಕ್ಕೆ ಬಂದು ಒಂದಕ್ಕೆ ಹೊರಡುವ ಜನವರಿ.
ಸೀಸೆ ಬಂದಿದೆ, ಚೀಟಿ ಅಂಟಿಸಿಕೊಂಡು:
ಹೆರ್ಡಿಸ್ ಬಕೆನ್, ಎಪ್ಪತ್ತೊಂದು, ಬಲ ಅಂಗೈ.
ಫಾರ್ಮಲಿನ್‌ನಲ್ಲಿ ಮುದುಡಿ ಕೂತ ಬಿಳಿ ನಾರಿನ ತುಂಡು,
ಒಂದೆಳೆ ಶಾವಿಗೆಯಷ್ಟು.

ಈ ಕೈ ನನಗೆ ಗೊತ್ತು.
ಕಬೆಲ್‌ವೋಗ್ ದೋಣಿಕಟ್ಟೆಯ ಶೆಡ್ಡಿನಲ್ಲಿ ಹರಿದ ಬಲೆಗಳ ನಡುವೆ
ಒಂಬತ್ತರ ನನಗೆ ಗಂಟು ಹಾಕಲು ಕಲಿಸಿದ ಕೈ.
ಜಾರಿದರೆ ಗೆಣ್ಣಿನ ಮೇಲೊಂದು ಏಟು:
"ಬಲೆ ಅಂದರೆ ದಾರವಲ್ಲ ಹುಡುಗಿ, ಗಂಟು."

ಆಮೇಲೆ ಯಾವಾಗಲೋ ಉಂಗುರಬೆರಳು ಮಡಿಯಿತು,
ಅದರ ಹಿಂದೆಯೇ ಕಿರುಬೆರಳು.
ನೋವಿಲ್ಲ, ಬಾವಿಲ್ಲ. ಆದರೆ ಕೈಗವಸು ಹೊಗದು,
ಮುಖ ತೊಳೆದರೆ ಬೆರಳು ಕಣ್ಣಿಗೇ ತಿವಿಯುತ್ತದೆ.
ಬಿಗಿಮುಷ್ಟಿ ಎಂದು ನಕ್ಕರು ಕಟ್ಟೆಯವರು,
ಮೀನು ಬಾರದ ವರ್ಷ
ಮೂರು ಮನೆಗೆ ಕೈಬಿಚ್ಚಿ ಕೊಟ್ಟವಳನ್ನು.

ಮೇಣದಲ್ಲಿ ಹುದುಗಿಸಿ, ಉಸಿರಿಗಿಂತ ತೆಳ್ಳಗೆ ಕೊಯ್ದು,
ಬಣ್ಣ ಹಾಕಿ, ಕಣ್ಣು ತಗ್ಗಿಸಿದೆ.
ಗುಲಾಬಿ ಎಳೆಗಳು, ಬಾಚಿದ ಕೂದಲಿನ ಹಾಗೆ ಒತ್ತೊತ್ತಾಗಿ.
ನಡುವೆ ಸಣಕಲು ಕಣಗಳು:
ನೇಯಿ ಎಂದವರಿಲ್ಲ, ಸಾಕು ಎಂದವರೂ ಇಲ್ಲ,
ನೇಯುತ್ತಲೇ ಹೋಗಿವೆ.

ಹಿಮ್ಮಡಿಯ ಕೊಬ್ಬು, ಕಿವಿಯ ಮೆಲುಬು, ಮಂಡಿಯ ಕಟ್ಟು,
ಮೂಳೆಯೂ ಸಹ, ಇದೇ ಮನೆತನ ಎಂದು ಓದಿದ್ದೆ.
ನೆತ್ತರನ್ನು ಮಾತ್ರ ಬರೆಯದೆ ಎರಡು ಅಂಕ ಕಳೆದುಕೊಂಡೆ.
ಹರಿಯುವುದು ಹೇಗೆ ಕಟ್ಟೀತು?
ಇಪ್ಪತ್ತರ ನನಗೆ ನಂಬಿಕೆಯಾಗಲಿಲ್ಲ.
ಹೆರ್ಡಿಸ್ ನನಗೆ ರಕ್ತದಿಂದ ಏನೂ ಅಲ್ಲ.
ಆದರೂ ಈ ಚೂರನ್ನು ಗಾಜಿನ ಮೇಲಿಡುವಾಗ
ನನ್ನ ಕೈಯೇಕೆ ಇಷ್ಟು ಮೆಲ್ಲಗಾಯಿತು?

ವರದಿಯಲ್ಲಿ ಡಾಕ್ಟರ್ ಬರೆದರು: ಕೇಡಿಲ್ಲ. ಮರುಕಳಿಸಬಹುದು.

ಗುರುವಾರ ಕ್ಯಾಂಟೀನಿನಲ್ಲಿ ಸಿಕ್ಕಳು.
ಪಟ್ಟಿಯೊಳಗೆ ಐದೂ ಬೆರಳು ನೆಟ್ಟಗೆ,
ಯಾರದೋ ಕೈಯನ್ನು ಕಾಯುತ್ತಿರುವವಳಂತೆ
ಮಡಿಲಲ್ಲಿಟ್ಟು ನೋಡುತ್ತಿದ್ದಳು.
ಕಾಫಿ ಆರಿತ್ತು.
"ನೀನೇ ಕತ್ತರಿಸಿ ನೋಡಿದೆಯಂತೆ?"
ಹೌದೆಂದೆ.
"ಗಂಟು ಹೇಗಿತ್ತು?"

ಒಂದೂ ಜಾರಿರಲಿಲ್ಲ, ಎಂದೆ.
ಎಡಗೈಯಿಂದ ನನ್ನ ಗೆಣ್ಣಿಗೆ
ಹಗುರಾಗಿ ಒಂದು ಕೊಟ್ಟಳು.