ಹದಿನಾಲ್ಕನೇ ಪುಟ

ಡೆ ಮೊಯಿನ್‌ನ ಸರ್ಕಾರಿ ಕಟ್ಟಡದಲ್ಲಿ, ಮೂರನೇ ಮಹಡಿಯಲ್ಲಿ
ನನ್ನ ಮೇಜು. ಕಿಟಕಿಗೆ ಬೆನ್ನು.
ಮಾತು ತಿದ್ದುವವರು, ಕಿವಿ ಪರೀಕ್ಷಿಸುವವರು
ಈ ರಾಜ್ಯದಲ್ಲಿ ಬೋರ್ಡು ಹಾಕಬೇಕಾದರೆ
ಮೊದಲು ನನ್ನ ಟ್ರೇಗೆ ಬರಬೇಕು:
ಅಂಕಪಟ್ಟಿ, ಪರೀಕ್ಷೆಯ ಫಲಿತಾಂಶ, ಹತ್ತು ಬೆರಳಿನ ಗುರುತು,
ಹಿರಿಯರೊಬ್ಬರ ಕಣ್ಣೆದುರು ದುಡಿದ ತಿಂಗಳುಗಳ ಲೆಕ್ಕ,
ಶುಲ್ಕದ ಚೆಕ್ಕು.
ನಾನು ಕೊಡುವವಳಲ್ಲ, ತಡೆಯುವವಳೂ ಅಲ್ಲ.
ಇದೆಯೋ ಇಲ್ಲವೋ ನೋಡಿ ಗೀಟು ಹಾಕುವವಳು.

ಇವತ್ತಿನ ಫೈಲು: ಯೆಸೇನಿಯಾ ಕಿಂತಾನಾರ್, ಮಸ್ಕಟೀನ್.
ಎಲ್ಲ ಇದೆ. ಹದಿನಾಲ್ಕನೇ ಪುಟದ ಕೆಳಗೆ
ಮೇಲ್ವಿಚಾರಕಿಯ ಸಹಿ ಮಾತ್ರ ಇಲ್ಲ.
ಆ ಜಾಗದಲ್ಲಿ ಪಿನ್ನು ಚುಚ್ಚಿದ ಪತ್ರಿಕೆಯ ತುಣುಕು:
ಅರ್ಡಿತ್ ಟ್ಯಾಡನ್, ಎಪ್ಪತ್ತೊಂದು, ಫೆಬ್ರವರಿ ಒಂಬತ್ತು.
ಹೂವು ಬೇಡ, ಗ್ರಂಥಾಲಯಕ್ಕೆ ದೇಣಿಗೆ ಕೊಡಿ.
ಒಂಬತ್ತು ತಿಂಗಳಲ್ಲಿ ಎಂಟೂವರೆ ಮುಗಿದಿತ್ತು.

ಜೊತೆಗೊಂದು ಕಾಗದ, ಯಾರೂ ಕೇಳದ್ದು:
"ಗುಂಡಿ ಕಾರ್ಖಾನೆಯಲ್ಲಿದ್ದ ಮುದುಕರು, ವಾರಕ್ಕೆರಡು ಸಲ ಬರುತ್ತಿದ್ದರು.
ಲಕ್ವ ಹೊಡೆದ ಮೇಲೆ ಉಳಿದದ್ದು ಒಂದೇ ಪದ, ಗುಂಡಿ.
ನೀರು ಬೇಕಾದರೆ ಗುಂಡಿ, ಚಳಿಯಾದರೆ ಗುಂಡಿ,
ಸಿಟ್ಟು ಬಂದರೆ ಗುಂಡಿ ಗುಂಡಿ.
ಜನವರಿ ಕೊನೆಗೆ 'ನೋ' ಅಂದರು.
ಬೇಡ ಅನ್ನುತ್ತಿದ್ದಾರೆಂದು ನರ್ಸು ಬರೆದುಕೊಂಡಳು.
ಹೆಂಡತಿಯ ಹೆಸರು ನೋಲಾ.
ಈಗ ನನ್ನನ್ನು ಕೋಣೆಯೊಳಗೆ ಬಿಡುವುದಿಲ್ಲ. ಅದು ಸರಿಯೇ, ಗೊತ್ತು.
ಆದರೆ 'ನೋ' ಮುಂದಕ್ಕೆ ಹೋಯಿತೋ"
ವಾಕ್ಯ ಅಲ್ಲೇ ನಿಂತಿದೆ. ಚುಕ್ಕಿ ಕೂಡ ಇಟ್ಟಿಲ್ಲ.

ನಿಯಮ ಬಲ್ಲೆ. ನಿಯಮ ಯಾಕೆ ಬಂತೆಂದೂ ಬಲ್ಲೆ,
ಪುಸ್ತಕದಿಂದಲ್ಲ.
ನನಗಾಗ ಏಳು. ಉಗ್ಗು.
ಸೂ ಸಿಟಿಯಲ್ಲೊಬ್ಬ, ಬಾಗಿಲಿಗೆ ಹಿತ್ತಾಳೆ ಫಲಕ,
ಹೆಸರಿನ ಹಿಂದೆ ಏನೇನೋ ಅಕ್ಷರ.
ಹಲ್ಲಿನ ನಡುವೆ ಬಿರಡೆ ಕಚ್ಚಿಸಿ
ಉಗ್ಗಿದಾಗಲೆಲ್ಲ ಸ್ಕೇಲಿನಿಂದ ಮೇಜು ಬಡಿಯುತ್ತಿದ್ದ.
ಅಮ್ಮ ಹೊರಗೆ ಕೂತು ಎಂಟು ಡಾಲರು ಎಣಿಸಿಡುತ್ತಿದ್ದಳು.
ಅದಕ್ಕೆ ಮುಂಚೆ ಅವನು ನೆಲ ಗುಡಿಸುವ ಯಂತ್ರ ಮಾರುತ್ತಿದ್ದನಂತೆ.
ಅವನ ಒಂದು ಹಾಳೆಯನ್ನೂ ಯಾರೂ ತಿರುವಿ ನೋಡಿರಲಿಲ್ಲ.
ಮಾತು ಆಡಿದರೆ ಹೋಯಿತು ಅನ್ನುವವರಿದ್ದಾರೆ.
ನನ್ನವು ಆಡದೆಯೇ ಹೋದವು,
ಎರಡನೇ ಕ್ಲಾಸಿನಿಂದ ಐದರವರೆಗಿನವು.

ಹಾಗಾಗಿ ಈ ಖಾಲಿ ಗೆರೆಯ ಮೇಲೆ
ಸುಮ್ಮನೆ ಗೀಟು ಹಾಕಿಬಿಡಲಾರೆ.
ಯೆಸೇನಿಯಾ ಅವನಲ್ಲ, ಇದೂ ಗೊತ್ತು.
ಗೊತ್ತು ಅನ್ನುವುದನ್ನು ಯಾವ ಫೈಲಿಗೆ ಸೇರಿಸಲಿ?

ನಾಲ್ಕೂಕಾಲಿಗೆ ಫೋನು ಮಾಡಿದೆ.
"ನಿಮ್ಮ ಅರ್ಜಿ ಅಪೂರ್ಣ" ಎಂಬ ಅಚ್ಚಿನ ಕಾಗದ
ಡ್ರಾಯರಿನಲ್ಲಿ ರಾಶಿಯಿದೆ, ಕಳಿಸಬಹುದಿತ್ತು.
ಹಲೋ ಅಂದಳು.
ನಾನು ಮರ್ನಾ ಅನ್ನಬೇಕು.
ಐವತ್ತೆಂಟು ವರ್ಷ ಹೊತ್ತ ಹೆಸರು. ತುಟಿಗೆ ತುಟಿ ಕೂಡಿತು, ಬಿಡಲಿಲ್ಲ.
ಮ್
ಮ್
ಬೇರೆಯವರಾದರೆ ಇಷ್ಟು ಹೊತ್ತಿಗೆ
ಯಾರು? ಕೇಳಿಸುತ್ತಿಲ್ಲ, ಅನ್ನುತ್ತಾರೆ,
ಮೇರಿಯಾ? ಮಾರ್ಥಾನಾ? ಎಂದು
ತಮ್ಮ ಪದ ನನ್ನ ಬಾಯಿಗೆ ತುರುಕುತ್ತಾರೆ.
ಅವಳು ಏನೂ ಅನ್ನಲಿಲ್ಲ.
ಹಿಂದೆಲ್ಲೋ ಓಡುತ್ತಿದ್ದ ನಲ್ಲಿ ನಿಂತಿತು.
ಅವಸರವಿಲ್ಲ. ಕನಿಕರವೂ ಇಲ್ಲ, ಅದು ನನಗೆ ಬೇಗ ಗೊತ್ತಾಗುತ್ತದೆ.
ಬಸ್ಸು ಬರುತ್ತದೆಂದು ಗೊತ್ತಿದ್ದವರು ನಿಲ್ಲುವ ಹಾಗೆ
ಆ ತುದಿಯಲ್ಲಿ ನಿಂತಿದ್ದಳು.
ಇದನ್ನು ಟ್ಯಾಡನ್ ಕಲಿಸಿದಳೋ,
ಮುದುಕನೇ ಕಲಿಸಿದನೋ.

"ಮರ್ನಾ," ಅಂದೆ. "ಲೈಸೆನ್ಸ್ ಕಚೇರಿಯಿಂದ."
"ಹೇಳಿ ಮರ್ನಾ."

ಗುರುವಾರ ಮಂಡಳಿ ಸೇರುತ್ತದೆ.
ಹದಿನಾಲ್ಕನೇ ಪುಟಕ್ಕೆ ಹಳದಿ ಚೀಟಿ ಅಂಟಿಸಿದ್ದೇನೆ.
ಮೊದಲು ಪೆನ್ನಿನಲ್ಲಿ ಬರೆದೆ: ಸಹಿ ಇಲ್ಲ.
ಕೋಟು ತೊಟ್ಟು, ದೀಪ ಆರಿಸಿ, ಮತ್ತೆ ಹಚ್ಚಿ,
ಅಳಿಸಲು ಬರುವಂತೆ, ಪೆನ್ಸಿಲಿನಲ್ಲಿ:
ಇವಳಿಗೆ ಕಾಯಲು ಬರುತ್ತದೆ.