ಷರಾ

ಅಂತಿಯೂರಿನಿಂದ ಬರಗೂರು ಬೆಟ್ಟಕ್ಕೆ
ಬೈಕಿನ ಹಿಂದೆ ಕಟ್ಟಿಕೊಂಡು ಬರುವ ಡಬ್ಬದಲ್ಲಿ
ಹದಿನಾಲ್ಕು ಹೋರಿಗಳಿವೆ.
ಒಂದೂ ಉಸಿರಾಡುವುದಿಲ್ಲ.
ಮುಚ್ಚಳ ತೆಗೆದರೆ ಬಿಳಿ ಹೊಗೆ, ಚಳಿಯದು,
ಕೈಗೆ ತಾಗಿದರೆ ಸುಡುತ್ತದೆ.

ಇದೇ ಇಲಾಖೆ, ಇಂಥದೇ ಡಬ್ಬ,
ಮೂವತ್ತು ವರ್ಷದ ಹಿಂದೆ ಜರ್ಸಿ ಹೊತ್ತು ತಂದಿತ್ತು.
ಹುಟ್ಟಿದ ಕರುಗಳು ಕಲ್ಲು ಹತ್ತಲಾರದೆ
ಉಣ್ಣಿ ಕಚ್ಚಿಸಿಕೊಂಡು ಸತ್ತವಂತೆ.
ಈಗಿನ ಆದೇಶ ಬೇರೆ: ಬರಗೂರಿಗೆ ಬರಗೂರೇ.
ಕೆಂಪು ಮೈ, ಬಿಳಿ ಮಚ್ಚೆ,
ಕಿವಿಗೊಂದು ಹಳದಿ ಬಿಲ್ಲೆ, ಹನ್ನೆರಡು ಅಂಕಿ.
ತಪ್ಪು ತಿದ್ದಿಕೊಳ್ಳುವ ಸರ್ಕಾರದ ನೌಕರ ನಾನು;
ಹೇಳಿಕೊಳ್ಳಲು ಒಂಚೂರು ಹೆಮ್ಮೆಯಿತ್ತು.

ಸಿದ್ದಮಾದಿಯ ಪಟ್ಟಿ ತಾಮರೆಕೆರೆಯಿಂದ ಇನ್ನೂ ಒಳಗೆ.
ಪಟ್ಟಿಯೆಂದರೆ ಕಾಡೊಳಗಿನ ದೊಡ್ಡಿ, ಸುತ್ತ ಮುಳ್ಳು.
ಬಾಗಿಲ ಗೂಟಕ್ಕೆ ಯಾರೋ ನೋಟೀಸು ಅಂಟಿಸಿದ್ದರು:
ಅಭಯಾರಣ್ಯದೊಳಗೆ ದನ ಮೇಯಿಸಕೂಡದು.
ಅದು ಬೇರೆ ಇಲಾಖೆಯದು.
ಗೋಪುರದ ಮೊಹರು ಮಾತ್ರ ಅದೇ,
ನನ್ನ ಫಾರಮ್ಮಿನ ನೆತ್ತಿಯ ಮೇಲಿನದೇ.
ಓದದವನಂತೆ ಬೈಕಿಗೆ ಸ್ಟ್ಯಾಂಡು ಹಾಕಿದೆ.

ಅಂತಿಯೂರ ಸಂತೆಯಲ್ಲಿ ಚೌಕಾಸಿಗೆ ಅವಳಿಗೂ ತಮಿಳುಂಟು.
ದನಕ್ಕೆ ಮಾತ್ರ ಕನ್ನಡ.
"ಬಾ ನನ್ನವ್ವ, ಇತ್ತಗ ಬಾ" ಎಂದಳು;
ನನ್ನ ಹಗ್ಗ ಕಂಡು ಎರಡು ಸಲ ಒದ್ದಿದ್ದ ಹಸು
ಬಂದು ಅವಳ ಸೊಂಟಕ್ಕೆ ಹಣೆಯೊತ್ತಿ ನಿಂತಿತು.
ಹೆಸರು ಕೆಂದಾವರೆ.
ಫಾರಮ್ಮಿನಲ್ಲಿ ಹೆಸರಿಗೆ ಜಾಗವಿಲ್ಲ.
ವಯಸ್ಸು? "ಆನ ಬಂದು ರಾಗಿ ತುಳದ ವರ್ಸದ್ದು."
ಏಳು ಎಂದು ಬರೆದೆ.

ಇಕ್ಕಳದಲ್ಲಿ ಕಡ್ಡಿ ಎತ್ತಿ ಬಿಸಿನೀರಿಗೆ ಬಿಟ್ಟೆ.
ಅರ್ಧ ನಿಮಿಷದ ಕೆಲಸ.
ಆ ಅರ್ಧ ನಿಮಿಷದಲ್ಲಿ ಕೇಳಿದಳು:
"ಯಾರ ಮನ ಹೋರಿನಪ್ಪ ಇದು?"
ಈ ನೌಕರಿಯಲ್ಲಿ ಈವರೆಗೆ ಯಾರೂ ಕೇಳದ್ದು.
ನಂಬರು ನೋಡಿ ಹೋರಿಗಳ ಪುಸ್ತಕ ತೆರೆದೆ:
ಖರೀದಿ, ತಾಮರೆಕೆರೆ. ಎಂಟು ವರ್ಷ.
ಎಡಗಣ್ಣಿನ ಸುತ್ತ ಬಿಳಿ. ಮೃತ.

"ಬಲಗೊಂಬು ಒಸಿ ಒಳಕ್ಕ?"
ಕೊಂಬಿನ ವಿಷಯ ಪುಸ್ತಕದಲ್ಲಿರಲಿಲ್ಲ.
"ನಮ್ ಬೇಲಿ ಮುರುದ್ ಮುರುದ್ ಇಕ್ತಿದ್ದಂವ.
ಲಾರಿ ಹತ್ತುಸ್ಬೇಕಾದ್ರ ಆರಾಳು.
ಸತ್ನಾ?"
"ಎರಡು ವರ್ಷವಾಯ್ತು."
ಡಬ್ಬದ ಮುಚ್ಚಳದ ಮೇಲೆ ಕೈಯಿಟ್ಟು ಕೂತಳು.
ಆಮೇಲೆ, ವಾವೆ ತಿಳಿಯದ ಹುಡುಗನಿಗೆ ಹೇಳುವ ಹಾಗೆ:
"ಆಗ ಇವ್ಳು ಹೊಟ್ಟೇಲಿದ್ಲು ಕಣ್ಮಗ.
ಮಗಳ್ಗ ಅಪ್ಪನ್ನೇ ತಂದಿದ್ದಯ್ಯಲ್ಲ."

ಕೆಂದಾವರೆ ಬಾಲ ಬೀಸಿತು.
ಕಡ್ಡಿ ಕರಗಿತ್ತು; ಕರಗಿದ್ದನ್ನು ಮತ್ತೆ ಡಬ್ಬಕ್ಕೆ ಹಾಕುವಂತಿಲ್ಲ.
ಅವಳು ಬೆರಳು ಮಡಚುತ್ತಿದ್ದಳು:
ಇವಳವ್ವ ಮಚ್ಚೆ, ಮಚ್ಚೆಯವ್ವ
ತಟ್ಟಕರೆಯಿಂದ ಬಳುವಳಿ ಬಂದ ಗೌರಿ,
ಗೌರಿಯಪ್ಪ ಹುಲಿ ಪರಚಿದ ಬೆನ್ನಿನವನು,
ಹೀಗೆ ಏಳು ತಲೆ, ಎಲ್ಲೂ ತಡವರಿಸದೆ.
ನಮ್ಮ ಕಂಪ್ಯೂಟರಿನಲ್ಲಿ ಈ ಹಸುವಿನ ವಂಶ
ಇವತ್ತು ಬೆಳಿಗ್ಗೆ ಹತ್ತೂವರೆಗೆ
ಕಿವಿಗೆ ತೂತು ಬಿದ್ದಾಗ ಶುರು.

ಲಂಟಾನದ ಬುಡಕ್ಕೆ ಕಡ್ಡಿ ಚೆಲ್ಲಿದೆ.
ಅವಳು ಅದರ ಮೇಲೊಂದು ಹಿಡಿ ಮಣ್ಣು ಹಾಕಿದಳು.
ನಾನು ಯಾಕೆಂದು ಕೇಳಲಿಲ್ಲ.
'ಹಸು ಬೆದೆಯಲ್ಲಿಲ್ಲ' ಎಂದು ಬರೆದೆ, ಸುಳ್ಳು.
ಕಾಡಿನ ಕಡೆ ಮುಖ ಮಾಡಿ ಕೂಗುತ್ತಲೇ ಇತ್ತು.

ಷರಾ ಎಂಬ ಕಡೆಯ ಕಾಲಂ ಬೆರಳಗಲ,
ಅದರಲ್ಲಿ ಹಿಡಿಸಲಿಲ್ಲ.
ಹಾಳೆ ಮಗುಚಿ ಹಿಂಬದಿಗೆ ಬರೆದುಕೊಂಡೆ ಏಳು ತಲೆಯನ್ನೂ,
ತಾಳವಾಡಿ ಶಾಲೆಯ ಕನ್ನಡದಲ್ಲಿ;
ಈರೋಡಿನ ಕಚೇರಿಯಲ್ಲಿ ಯಾರು ಓದುತ್ತಾರೋ.

ನಡುವೆ ಅವಳೇ ನಿಲ್ಲಿಸಿದಳು.
"ಆ ಗೂಟದ್ ಮ್ಯಾಲ ಏನೋ ಅಂಟ್ಸವ್ರಲ್ಲ,
ಅದೂ ನಿಮ್ದೆಯಾ?"

"ನಮ್ಮದಲ್ಲ" ಎಂದೆ,
ಗೋಪುರದ ಮೊಹರಿನ ಮೇಲೆ
ಹೆಬ್ಬೆರಳು ಒತ್ತಿಟ್ಟುಕೊಂಡು.